ಮೂವತ್ತೊಂದನೇ ನಂಬರಿನ ಅರಿವೆ

ಹೋದ ಸೋಮವಾರ ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿ ಮುಚ್ಚಳ ತೆರೆದಾಗ ಮೊದಲು ಹೊರಬಂದದ್ದು ಡಾಂಬರು ಗುಳಿಗೆಯ ವಾಸನೆ. ನಿಮಗೂ ಗೊತ್ತಿರುತ್ತದೆ ಆ ವಾಸನೆ. ಕೆಲವರಿಗೆ ಅದು ಮದುವೆಯ ಸೀರೆಯನ್ನು ನೆನಪಿಸುತ್ತದೆ, ಕೆಲವರಿಗೆ ತೀರಿಹೋದ ಅಜ್ಜನ ಕೋಟನ್ನು. ನನಗೆ ಮಾತ್ರ ಯಾರೋ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತ ಎದುರಿಗೆ ನಿಂತಂತಾಗುತ್ತದೆ. ಹಾಗಾಗಿ ನಾನು ಆ ಗುಳಿಗೆ ತರುವುದನ್ನೇ ಬಿಟ್ಟಿದ್ದೇನೆ. ಬಟ್ಟೆಗಳ ನಡುವೆ ಬೇವಿನ ಎಲೆ ಹಾಕುತ್ತೇನೆ. ಆದರೆ ಈ ಟ್ರಂಕು ಅವ್ವನದು, ಲಕ್ಷ್ಮೇಶ್ವರದ ಮನೆಯಿಂದ ಬಂದದ್ದು. ಅವ್ವ ತೀರಿಕೊಂಡು ಆರು ವರ್ಷವಾಯಿತು, ಅವಳ ಗುಳಿಗೆಗಳ ವಾಸನೆ ಮಾತ್ರ ಹೋಗಿಲ್ಲ.

ಟ್ರಂಕು ಇಳಿಸಿದ್ದು ಮಗಳ ಸಲುವಾಗಿ. ಅವಳಿಗೀಗ ಏಳನೇ ತಿಂಗಳು. ಬಾಣಂತನಕ್ಕೆ ಹುಬ್ಬಳ್ಳಿಯಿಂದ ಇಲ್ಲಿಗೆ, ಗದಗಿಗೆ ಬರುತ್ತಾಳೆ. ಹುಟ್ಟುವ ಕೂಸಿಗೆ ಕೌದಿ ಬೇಕು. ಆನೆ, ಕರಡಿ ಮೂಡಿಸಿದ ಮೆತ್ತನೆಯ ಹೊದಿಕೆಗಳನ್ನು ಮಗಳು ಆಗಲೇ ಮೂರು ತರಿಸಿಟ್ಟುಕೊಂಡಿದ್ದಾಳೆ. ಇದ್ದರೆ ಇರಲಿ. ಅಜ್ಜಿಯ ಸೀರೆ, ಮುತ್ತಜ್ಜಿಯ ಸೀರೆ, ಅಜ್ಜನ ಪಂಚೆ ಎಲ್ಲ ತುಂಡಾಗಿ ಕೂಡಿ ಹೊಲಿದ ಕೌದಿಯ ಮೇಲೆ ಮಲಗದ ಕೂಸು ನಮ್ಮ ಮನೆಯಲ್ಲಿ ಈವರೆಗೆ ಇಲ್ಲ. "ಹೊಸಾ ಅರಿವಿ ಕೂಸಿಗೆ ಚುಚ್ಚತೈತವ್ವ. ಹಳೇದ್ರಾಗ ಮೈಕಾವು ಇರತೈತಿ," ಎನ್ನುತ್ತಿದ್ದಳು ಅವ್ವ. ಮನುಷ್ಯರು ಉಟ್ಟು ಉಟ್ಟು ಮೆತ್ತಗಾದ ಬಟ್ಟೆಯನ್ನು ಕತ್ತರಿಸಿ ಕೂಸಿನ ಮೈಗೆ ತಾಗುವಂತೆ ಮಾಡುವುದು ಅವಳ ಪ್ರಕಾರ ಆಶೀರ್ವಾದದ ಇನ್ನೊಂದು ಬಗೆ. ನಾನೂ ಹಾಗೆಯೇ ನಂಬಿ ಬೆಳೆದವಳು. ನನ್ನ ತಪ್ಪೆಲ್ಲ ಹುಟ್ಟಿದ್ದು ಈ ನಂಬಿಕೆಯಿಂದಲೇ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಕೌದಿ ಹೊಲಿಯುವವಳು ಹಿರೇವಡ್ಡಟ್ಟಿಯ ಫಕೀರವ್ವ. ಬೇಸಿಗೆಯಲ್ಲಿ ಬೆಟಗೇರಿಯ ತಂಗಿಯ ಮನೆಗೆ ಬಂದು ಒಂದು ತಿಂಗಳು ಇರುತ್ತಾಳೆ. ಕರೆದವರ ಮನೆಗೆ ಹೋಗಿ, ನಡುಮನೆಯಲ್ಲಿ ಕಾಲು ಚಾಚಿ ಕುಳಿತು ಹೊಲಿದುಕೊಡುತ್ತಾಳೆ. ವಯಸ್ಸು ಎಪ್ಪತ್ತರ ಆಜುಬಾಜು. ಸೂಜಿಗೆ ದಾರ ಪೋಣಿಸಲು ಮಾತ್ರ ನನ್ನನ್ನು ಕೂಗುತ್ತಾಳೆ, ಮಿಕ್ಕಿದ್ದರಲ್ಲೆಲ್ಲ ಅವಳದೇ ರಾಜ್ಯ.

"ಅಕ್ಕಾರ, ಹಳೇವು ಎಲ್ಲಾ ತಗೀರಿ. ಈ ಪಾಲಿಸ್ಟರ್ ಗೀಲಿಸ್ಟರ್ ನಡ್ಯಂಗಿಲ್ಲ ನೋಡ್ರಿ, ಜಾರತಾವು. ಏ, ಇದೇನ್ರಿ ಡಬ್ಬಿ?"

ಟ್ರಂಕಿನ ತಳದಲ್ಲಿದ್ದದ್ದು ಒಂದು ಬಿಸ್ಕೀಟಿನ ಡಬ್ಬಿ. ಗುಂಡಿ, ಹುಕ್ಕು, ದಾರದುಂಡೆ ಹಾಕಿ ನಾನೇ ಯಾವಾಗಲೋ ಅಲ್ಲಿಟ್ಟು, ಇಟ್ಟದ್ದನ್ನು ಮರೆತೆನೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಫಕೀರವ್ವ ಅದರೊಳಗಿಂದ ಅಂಗೈಯಗಲದ ಒಂದು ಹಳದಿ ತುಂಡನ್ನು ಹೊರತೆಗೆದು ಬೆಳಕಿಗೆ ಹಿಡಿದಳು.

"ಮಾವಿನಕಾಯಿ ಬುಟ್ಟಾ ಐತಿ. ಅಂಚಿಗೆ ಇಂಗ್ಲಿಷಿನ್ಯಾಗ ಏನೋ ಬರದೈತಿ. ಎಂಥಾ ಛಲೋ ಬಣ್ಣ ಅಕ್ಕಾರ! ನಟ್ಟ ನಡುವ ಹಚ್ಚಿದ್ರ ಕೂಸು ನೋಡಿಕೋಂತ ನಗತೈತಿ."

"ಅದನ್ನ ಬಿಡು ಫಕೀರವ್ವಾ."

"ಯಾಕ್ರಿ?"

"ಅದು ನಮ್ಮದಲ್ಲ."

"ನಿಮ್ಮ ಟ್ರಂಕು, ನಿಮ್ಮ ಡಬ್ಬಿ, ಒಳಗಿಂದು ಮಾತ್ರ ನಿಮ್ದಲ್ಲ. ಕಳವು ಮಾಡೀರೇನ ಮತ್ತ?" ಎಂದು ನಕ್ಕಳು.

ಅವಳು ಚೇಷ್ಟೆಗೆ ಕೇಳಿದ್ದು. ನನಗೆ ನಗು ಬರಲಿಲ್ಲ. ಆಗ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅವಳಿಗೆ ಹಿಂದುಮುಂದಾಗಿ ಹೇಳಿದೆ. ನಿಮಗೆ ಸ್ವಲ್ಪ ಸರಿಯಾಗಿ ಜೋಡಿಸಿ ಹೇಳಲು ನೋಡುತ್ತೇನೆ.

ಹದಿನೈದು ವರ್ಷಗಳ ಹಿಂದೆ ನಮ್ಮವರು ಇಲ್ಲಿಯ ಅರಳೆ ಜಿನ್ನಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಹತ್ತಿಯಿಂದ ಬೀಜ ಬೇರೆ ಮಾಡುವ ಆ ಯಂತ್ರಗಳ ಸದ್ದು ಕೇಳಿಯೇ ಯಾವ ಹಲ್ಲು ಸವೆದಿದೆ ಎಂದು ಹೇಳುವಷ್ಟು ಅವರಿಗೆ ಅದರ ನಾಡಿ ಗೊತ್ತು. ಟಾಂಜಾನಿಯಾದಲ್ಲಿ ಅಂಥದೇ ಯಂತ್ರ ಕೂಡಿಸಲು ಎರಡು ವರ್ಷದ ಕೆಲಸ ಬಂತು. ಮಗಳನ್ನು ಅವ್ವನ ಹತ್ತಿರ ಬಿಟ್ಟು ಇಬ್ಬರೂ ಹೋದೆವು. ಸಮುದ್ರದಂಥ ಒಂದು ಕೆರೆ, ಅದರ ದಂಡೆಯಿಂದ ಒಳಗೆ ಒಂದು ಸಣ್ಣ ಊರು, ಸುತ್ತ ಹತ್ತಿಯ ಹೊಲ. ಮಣ್ಣು ಕೆಂಪೋ ಕಪ್ಪೋ ಎಂದು ಮೊದಲು ನೋಡಿದವಳು ನಾನು. ಕಪ್ಪು ಎಂದು ಕಂಡು ಸಮಾಧಾನವಾಯಿತು, ಯಾಕೋ.

ಅಲ್ಲಿ ನನಗೆ ಕೆಲಸವಿರಲಿಲ್ಲ. ಬೆಳಿಗ್ಗೆ ಅಡುಗೆ ಮುಗಿದರೆ ಕಿಟಕಿ, ಕಿಟಕಿಯಾಚೆ ರಸ್ತೆ, ರಸ್ತೆಯ ಕೊನೆಗೆ ತಗಡಿನ ಮಾಡಿನ ಉದ್ದನೆಯ ಕಟ್ಟಡ, ಮೇಲೊಂದು ಶಿಲುಬೆ. ಅಲ್ಲಿಂದ ದಿನಾ ಹನ್ನೆರಡಕ್ಕೆ ಮಕ್ಕಳು ಊಟದ ಪ್ರಾರ್ಥನೆ ಹಾಡುವುದು ಕೇಳುತ್ತಿತ್ತು. ಮಾತು ಅವರದು, ಧಾಟಿ ಮಾತ್ರ ನಾನು ಗದಗಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಏಳು ವರ್ಷ ಹಾಡಿದ್ದೇ. ಅನ್ನ ಬಡಿಸುತ್ತಿದ್ದ ಕೈ ತನ್ನಷ್ಟಕ್ಕೆ ನಿಂತುಬಿಡುತ್ತಿತ್ತು.

"ದಿನಾ ಕಿಟಕ್ಯಾಗ ನಿಂತು ಏನ್ ನೋಡ್ತಿ? ಹೋಗಿ ಕೇಳು, ಏನರ ಕೆಲಸ ಐತೇನಂತ," ಎಂದರು ನಮ್ಮವರು.

ಹೋದೆ. ಅದು ಚರ್ಚಿನವರು ನಡೆಸುತ್ತಿದ್ದ ಅನಾಥಾಲಯ. ಮುಖ್ಯಸ್ಥೆ ಸಿಸ್ಟರ್ ಅಗಾಥಾ, ಅದೇ ನಾಡಿನವರು, ಎತ್ತರದ ಮುದುಕಿ, ಕೈಯಲ್ಲಿ ಗಂಡಸರ ಗಡಿಯಾರ. ಅವರ ಬಾಗಿಲಲ್ಲಿ ನಿಂತು, ನಲವತ್ತರ ಹೆಂಗಸು ನಾನು, ಎರಡೂ ಕೈ ಹಿಂದೆ ಕಟ್ಟಿಕೊಂಡು "ಮೇ ಐ ಕಮ್ ಇನ್, ಸಿಸ್ಟರ್?" ಎಂದೆ. ಒಂದನೇ ಇಯತ್ತೆಯ ಅದೇ ರಾಗದಲ್ಲಿ. ನಮ್ಮವರು ಇವತ್ತಿಗೂ ಅದನ್ನು ಆಡಿ ತೋರಿಸಿ ನೆಂಟರನ್ನು ನಗಿಸುತ್ತಾರೆ.

"ಇಲ್ಲಿ ಕೊರತೆಯಿಲ್ಲದ್ದು ಒಂದೇ, ಮಕ್ಕಳು," ಎಂದರು ಸಿಸ್ಟರ್ ಇಂಗ್ಲಿಷಿನಲ್ಲಿ. ಇಪ್ಪತ್ತೆಂಟು ಮಕ್ಕಳಿದ್ದರು. ಮಾಡು ಸೋರಿದಲ್ಲೆಲ್ಲ ಬಕೆಟ್ಟು. ಭಾನುವಾರದ ಬೂಟುಗಳು ಮೂರೇ ಅಳತೆಯವು. ನಡುವಿನ ಅಳತೆಯ ಕಾಲಿದ್ದವರು ಬೆರಳು ಮಡಚಿಕೊಂಡು ಪೂಜೆಗೆ ನಡೆಯುತ್ತಿದ್ದರು. ದಿನವೂ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಅವರೆಕಾಳಿನಂಥ ಕಾಳಿನ ಸಾರು. ಕೆಲವು ದಿನ ಸಾರಿನಲ್ಲಿ ಕಾಳನ್ನು ಹುಡುಕಬೇಕಿತ್ತು. ಇನ್ನೊಂದು ವರ್ಷ ನಡೆದರೆ ಹೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು.

ಮಕ್ಕಳು ಮೊದಲ ದಿನ ಬೆರಳು ಮಾಡಿದ್ದು ನನ್ನ ಹಣೆಯ ವಿಭೂತಿಗೆ. ಅವರಿಗೂ ವರ್ಷಕ್ಕೊಂದು ಬುಧವಾರ ಪಾದ್ರಿಗಳು ಹಣೆಗೆ ಬೂದಿ ಹಚ್ಚುತ್ತಾರಲ್ಲ, ಪಶ್ಚಾತ್ತಾಪದ ಗುರುತಾಗಿ. ಈ ಹೆಂಗಸಿಗೆ ದಿನಾ ಬೂದಿಯ ಬುಧವಾರ, ಏನೋ ದೊಡ್ಡ ಪಾಪ ಮಾಡಿರಬೇಕು ಎಂದು ಮಾತಾಡಿಕೊಂಡರಂತೆ. ಸಿಸ್ಟರ್ ನಗುತ್ತ ಹೇಳಿದಾಗ ನಾನೂ ನಕ್ಕೆ. ಆಗಿನ್ನೂ ಏನೂ ಮಾಡಿರಲಿಲ್ಲ.

ಇಂಗ್ಲಿಷ್ ಪದ್ಯ ಹೇಳಿಕೊಡುವುದು, ಹರಿದದ್ದು ಹೊಲಿಯುವುದು ನನ್ನ ಕೆಲಸವಾಯಿತು. ಯಾವಾಗಲೂ ನನ್ನ ಸೆರಗಿಗೆ ಅಂಟಿಕೊಂಡಿರುತ್ತಿದ್ದವರು ಇಬ್ಬರು, ನೀಮಾ ಮತ್ತು ರೆಹೆಮಾ. ಇಬ್ಬರಿಗೂ ಒಂಬತ್ತು ವರ್ಷ. ಒಂದೇ ಮಳೆಗಾಲದಲ್ಲಿ, ಒಂದೇ ವಾರದ ಅಂತರದಲ್ಲಿ ಕೈಗೂಸುಗಳಾಗಿ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕವರು. ನೀಮಾ ಮಾತುಗಾತಿ, ರೆಹೆಮಾ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು, ಆದರೆ ಅವಳ ಹೊಲಿಗೆ ಇರುವೆಯ ಸಾಲು.

ಜೂನಿನಲ್ಲಿ ಅಲ್ಲಿ ಚಳಿ. ಕಂಬಳಿಗಳೆಲ್ಲ ಜಾಳುಜಾಳು. ಬೆಳಿಗ್ಗೆ ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ಬಿಸಿಲು ಕಾಯುತ್ತ ನಿಲ್ಲುವುದನ್ನು ನೋಡಿ ನನಗೆ ಕೌದಿಯ ಯೋಚನೆ ಬಂತು. ಸಿಸ್ಟರ್ ಆಗ ಊರಲ್ಲಿರಲಿಲ್ಲ. ಅನಾಥಾಲಯ ಮುಚ್ಚಬೇಡಿ ಎಂದು ಬಿಷಪ್ಪರನ್ನು ಕೇಳಿಕೊಳ್ಳಲು ಪಟ್ಟಣಕ್ಕೆ ಹೋಗಿದ್ದರು. ಅಡುಗೆಯವಳು ಹೊಸಬಳು. ಹಳೆಯ ಬಟ್ಟೆ ಎಲ್ಲಿವೆ ಎಂದು ಕೇಳಿದೆ. ಸಿಸ್ಟರ್ ಅವರ ಕೋಣೆಯಲ್ಲಿ ಮಂಚದ ಕೆಳಗಿನ ದೊಡ್ಡ ಪೆಟ್ಟಿಗೆಯನ್ನು ತೋರಿಸಿದಳು. ಬೀಗವಿರಲಿಲ್ಲ.

ತೆರೆದರೆ ಡಾಂಬರು ಗುಳಿಗೆಯ ವಾಸನೆ. ಒಳಗೆ ಕಾಂಗಾಗಳು. ಅಲ್ಲಿಯ ಹೆಂಗಸರು ಸೊಂಟಕ್ಕೆ ಸುತ್ತುವ, ಹೆಗಲಿಗೆ ಹೊದೆಯುವ, ಕೂಸು ಕಟ್ಟಿಕೊಳ್ಳುವ ಹತ್ತಿಯ ಬಟ್ಟೆ ಅದು. ದೊಡ್ಡ ದೊಡ್ಡ ಬುಟ್ಟಾ, ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಅವರ ಭಾಷೆಯ ಒಂದು ಸಾಲು ಬರಹ. ಒಂದೊಂದೂ ಬೇರೆ ಬಣ್ಣ, ಎಲ್ಲವೂ ಹಳೆಯವು, ಉಟ್ಟು ಉಟ್ಟು ಬೆಣ್ಣೆಯಂತಾದವು. ಮಡಿಕೆ ಮಾಡಿ, ದಾರ ಕಟ್ಟಿ, ದಾರಕ್ಕೆ ನಂಬರ್ ಬರೆದ ರಟ್ಟಿನ ಚೂರು ಸಿಕ್ಕಿಸಿತ್ತು.

ನಂಬರ್ ಕಂಡು ನನಗೆ ಏನನಿಸಿತು ಗೊತ್ತೇ? ಮಡಿವಾಳರ ಗುರುತು! ನಮ್ಮ ಬೋರ್ಡಿಂಗಿನಲ್ಲಿ ಪ್ರತಿ ಹುಡುಗಿಯ ಲಂಗ, ರವಿಕೆ, ಚಾದರಕ್ಕೆ ಒಂದು ನಂಬರ್ ಇರುತ್ತಿತ್ತು, ಒಗೆಯಲು ಹೋದದ್ದು ಅದಲುಬದಲಾಗದಿರಲಿ ಎಂದು. ಇಲ್ಲಿಯೂ ಅದೇ ಪದ್ಧತಿ ಎಂದುಕೊಂಡು ಖುಷಿಯೂ ಆಯಿತು. ರಟ್ಟಿನ ಚೂರುಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದೆ. ಬಟ್ಟೆಗಳನ್ನು ವರಾಂಡದಲ್ಲಿ ಹರವಿ, ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಕತ್ತರಿ ಹಿಡಿದೆ.

ಆ ಹತ್ತು ದಿನ ನನ್ನ ಜೀವನದ ಅತಿ ಸಂತೋಷದ ದಿನಗಳಲ್ಲಿ ಸೇರಿವೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಬಚ್ಚಿಟ್ಟರೆ ಅದು ಇನ್ನೊಂದು ಸುಳ್ಳು. ಎಲ್ಲರ ಬಣ್ಣವೂ ಎಲ್ಲರ ಕೌದಿಗೂ ಬರಬೇಕು ಎಂದು ಚೌಕ ಚೌಕ ಕತ್ತರಿಸಿ ಹಂಚಿದೆ. ಹಳದಿ ಕಾಂಗಾವನ್ನು ಆ ತುದಿಯಿಂದ ಬಿಗಿಯಾಗಿ ಎಳೆದು ಹಿಡಿದವಳು ರೆಹೆಮಾ. ಈ ತುದಿಯಿಂದ ಕತ್ತರಿ ಓಡಿಸಿದವಳು ನಾನು. ನಮ್ಮ ಕಡೆ ಕೌದಿಯ ಹೊಲಿಗೆ ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತದೆ. ಕೊನೆಗೆ ನಡುವೆ ಉಳಿದ ಸಣ್ಣ ಬಾಯಲ್ಲಿ ಒಂದು ಚೂರು ರೊಟ್ಟಿಯನ್ನೋ ಬೆಲ್ಲವನ್ನೋ ಇಟ್ಟು ಮುಚ್ಚುತ್ತೇವೆ. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅಲ್ಲಿ ಮಕ್ಕಳು ಒಂದೊಂದು ಮೆಕ್ಕೆಜೋಳದ ಕಾಳು ಇಟ್ಟು ಹೊಲಿದರು. ಊಟ ಕಡಿಮೆಯಾದ ಒಂದು ದಿನ ನೀಮಾ ತನ್ನ ಕೌದಿಯನ್ನು ತಟ್ಟುತ್ತ, "ಇವತ್ತು ಇದರ ಹೊಟ್ಟೆ ತುಂಬಿದೆ, ನಂದು ಇಲ್ಲ," ಎಂದಳು. ಎಲ್ಲರೂ ನಕ್ಕರು. ನಾನೂ.

ಸಿಸ್ಟರ್ ಬಂದರು. ಮಂಚದಿಂದ ಮಂಚಕ್ಕೆ ನಡೆದು ಒಂದೊಂದು ಕೌದಿಯ ಮೇಲೂ ಕೈಯಾಡಿಸಿದರು. "ಬಹಳ ಚಂದ," ಎಂದರು. ಆಮೇಲೆ ತಮ್ಮ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

"ಪೆಟ್ಟಿಗೆ?"

"ಖಾಲಿ ಮಾಡಿದೆ, ಸಿಸ್ಟರ್," ಎಂದೆ, ಬೆನ್ನು ತಟ್ಟಿಸಿಕೊಳ್ಳುವವಳಂತೆ.

"ಚೀಟಿಗಳು?"

"ಒಲೆಗೆ ಹಾಕಿದೆ."

ಅವರು ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟರು. ಗಡಿಯಾರ ನೋಡಿಕೊಂಡರು, ಸಮಯ ತಿಳಿಯುವುದಕ್ಕಲ್ಲ. "ಈ ಮಕ್ಕಳಿಗೆ ಹೆಸರು ಕೊಟ್ಟದ್ದು ನಾವು. ಹುಟ್ಟಿದ ದಿನ ಕೊಟ್ಟದ್ದು ನಾವು. ಅವರು ತಾವಾಗಿ ತಂದದ್ದು ಅದೊಂದೇ, ಸುತ್ತಿ ಬಿಟ್ಟುಹೋದ ಬಟ್ಟೆ. ದೊಡ್ಡವರಾಗಿ ಇಲ್ಲಿಂದ ಹೋಗುವ ದಿನ ಅವರವರದನ್ನು ಅವರವರ ಕೈಗೆ ಕೊಡಬೇಕೆಂದು ಇಟ್ಟಿದ್ದೆ."

ನನ್ನ ಎರಡೂ ಅಂಗೈ ತಾವಾಗಿಯೇ ಮುಂದೆ ಬಂದಿದ್ದವು, ಬೋರ್ಡಿಂಗಿನಲ್ಲಿ ಪಟ್ಟಿಯ ಏಟಿಗೆ ಚಾಚುವಂತೆ. ಸಿಸ್ಟರ್ ಅವನ್ನು ನೋಡಿ, ಮಡಚಿ, ನನಗೇ ಹಿಂದಿರುಗಿಸಿದರು.

"ಅವರಿಗೆ ಚಳಿಯಾಗುತ್ತಿತ್ತು," ಎಂದರು. "ಅದೂ ನಿಜ."

ಅಷ್ಟೇ. ಕ್ಷಮಿಸಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಮಕ್ಕಳಿಗೆ ಹೇಳಬೇಡ ಎಂದರು. ತಮ್ಮ ಮಂಚಕ್ಕೂ ಒಂದು ಕೌದಿ ಹಾಕಿಸಿಕೊಂಡರು. ಕ್ಷಮೆಯೇ ಇರಬೇಕು ಅದು. ಅಥವಾ ನಾಲ್ಕು ಚೂರು ನೆನಪಾದರೂ ತಮ್ಮ ಹತ್ತಿರ ಇರಲಿ ಎಂದೋ. ನಾನು ಮನೆಗೆ ಬಂದು ಅತ್ತೆ. "ಗೊತ್ತಿದ್ದು ಮಾಡಿದ್ದಲ್ಲಲ್ಲ, ಬಿಡು," ಎಂದರು ನಮ್ಮವರು. ಬಿಟ್ಟೆ. ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಖರೆಯಾಗಿಯೂ ಬಿಟ್ಟಿರುತ್ತಿದ್ದೆ.

ನಾಲ್ಕು ತಿಂಗಳ ಮೇಲೆ, ಹತ್ತಿಯ ಲಾರಿಯೊಂದರಲ್ಲಿ ಕುಳಿತು ಒಬ್ಬ ಮುದುಕಿ ಬಂದಳು. ಬರಿಗಾಲು. ಮಗಳು ತೀರಿಕೊಳ್ಳುವ ಮುಂಚೆ ಬಾಯಿಬಿಟ್ಟಳಂತೆ: ಒಂಬತ್ತು ವರ್ಷದ ಹಿಂದೆ ಹೆತ್ತ ಹೆಣ್ಣುಕೂಸನ್ನು ಯಾರಿಗೂ ಹೇಳದೆ ಈ ಊರಿನ ಚರ್ಚಿನ ಮೆಟ್ಟಿಲ ಮೇಲೆ ಇಟ್ಟು ಬಂದೆ ಎಂದು, ಹಳದಿ ಕಾಂಗಾದಲ್ಲಿ ಸುತ್ತಿ. ಅಲ್ಲಿ ಕಾಂಗಾಗಳನ್ನು ಜೋಡಿಯಾಗಿಯೇ ಮಾರುತ್ತಾರೆ. ಆ ಜೋಡಿಯನ್ನು ಮಗಳಿಗೆ ಕೊಡಿಸಿದವಳು ಈ ಮುದುಕಿಯೇ. ಉಳಿದ ಇನ್ನೊಂದನ್ನು ಹೆಗಲಿಗೆ ಹೊದ್ದು ಬಂದಿದ್ದಳು. ಹಳದಿ, ಮಾವಿನಕಾಯಿ ಬುಟ್ಟಾ, ಅಂಚಿನಲ್ಲಿ ಕತ್ತರಿ ಕಾಣದ ಇಡೀ ಸಾಲು.

ದಾಖಲೆ ಪುಸ್ತಕ ತೆಗೆದರು. ಆ ಮಳೆಗಾಲದಲ್ಲಿ ಬಂದ ಹೆಣ್ಣುಕೂಸುಗಳು ಎರಡೇ. ಮೂವತ್ತೊಂದು, ನೀಮಾ. ಮೂವತ್ತೆರಡು, ರೆಹೆಮಾ. ಬಟ್ಟೆಯ ಬಣ್ಣ ಬರೆದಿರಲಿಲ್ಲ. ನಂಬರಿನ ಚೀಟಿ ಇರುವಾಗ ಯಾಕೆ ಬರೆಯುತ್ತಾರೆ? ಕೂಸುಗಳನ್ನು ಎತ್ತಿಕೊಂಡ ಇನ್ನೊಬ್ಬ ಸಿಸ್ಟರ್ ಎಂದೋ ತೀರಿಕೊಂಡಿದ್ದರು. ಅಗಾಥಾ ಆ ತಿಂಗಳು ಮಲೇರಿಯಾದಲ್ಲಿ ಮಲಗಿದ್ದರಂತೆ.

ವರಾಂಡದ ಬೆಂಚಿನ ಮೇಲೆ ಮುದುಕಿ ಕುಳಿತಿದ್ದಳು. ಎದುರಿಗೆ ಇಬ್ಬರೂ ಹುಡುಗಿಯರು, ತಲೆ ಬಾಚಿಸಿಕೊಂಡು, ಭಾನುವಾರದ ಬೂಟು ಹಾಕಿಕೊಂಡು. ಯಾಕೆ ಕರೆದದ್ದೆಂದು ಅವರಿಗೆ ತಿಳಿದುಹೋಗಿತ್ತು. ಇಂಥದನ್ನು ಮಕ್ಕಳಿಂದ ಮುಚ್ಚಿಡಲಾಗುವುದಿಲ್ಲ. ಮಾತುಗಾತಿ ನೀಮಾ ಉಸಿರು ಬಿಗಿಹಿಡಿದಿದ್ದಳು. ಇಬ್ಬರಲ್ಲಿ ಒಬ್ಬಳಿಗೆ ಮನೆ ಇತ್ತು, ಅಜ್ಜಿ ಇದ್ದಳು. ಇನ್ನೊಬ್ಬಳಿಗೆ ಇಂದು ಬೆಳಿಗ್ಗೆಯವರೆಗೆ ಇಲ್ಲದಿದ್ದ ಒಂದು ಕೊರತೆ ಈಗ ಶುರುವಾಗುವುದಿತ್ತು.

ಸಿಸ್ಟರ್ ನನ್ನ ಕಡೆ ತಿರುಗಿದರು. "ದಾರ ಬಿಚ್ಚಿದವಳು ನೀನು. ಹಳದಿಯದಕ್ಕೆ ಯಾವ ನಂಬರ್ ಇತ್ತು?"

ಕಾನ್ವೆಂಟಿನಲ್ಲಿ ಕಲಿತವರಿಗೆ ಇದು ಅರ್ಥವಾಗುತ್ತದೆ. ಸಿಸ್ಟರ್ ಪ್ರಶ್ನೆ ಕೇಳಿದರೆ ಎದ್ದು ನಿಂತು ಉತ್ತರ ಹೇಳಬೇಕು. ತಪ್ಪು ಹೇಳಿದರೆ ಪಟ್ಟಿ ಏಟು, ಸರಿ. ಆದರೆ ಗೊತ್ತಿಲ್ಲ ಎನ್ನುವುದು ಮಾತ್ರ ನಮಗೆ ಕಲಿಸದೇ ಬಿಟ್ಟ ಮಾತು. ನಾನು ಕಣ್ಣು ಮುಚ್ಚಿದೆ. ಹಳದಿ ಕಂಡಿತು, ದಾರ ಕಂಡಿತು, ರಟ್ಟಿನ ಚೂರೂ ಕಂಡಿತು.

"ಮೂವತ್ತೊಂದು," ಎಂದೆ.

ನೀಮಾ ಅತ್ತಳು, ಕುಣಿದಳು, ಮುದುಕಿಯ ಮಡಿಲಲ್ಲಿ ಬಿದ್ದಳು. ಸಂಜೆಯ ಲಾರಿಗೆ ಅಜ್ಜಿಯೊಂದಿಗೆ ಹೊರಟುಹೋದಳು, ತನ್ನ ಕೌದಿಯನ್ನು ತಲೆಯ ಮೇಲೆ ಹೊತ್ತು.

ನಿಮಗೊಂದು ಹೇಳುವುದನ್ನು ಮರೆತಿದ್ದೆ. ಮರೆತದ್ದಲ್ಲ, ಬಿಟ್ಟಿದ್ದೆ. ಬೋರ್ಡಿಂಗಿನಲ್ಲಿ ನನ್ನ ಅರಿವೆಗಳ ನಂಬರೂ ಮೂವತ್ತೊಂದೇ. ಏಳು ವರ್ಷ ಲಂಗದ ನೆರಿಗೆಯ ಒಳಗೆ, ರವಿಕೆಯ ಕೊರಳಲ್ಲಿ ದಿನಾ ನೋಡಿದ ಅಂಕಿ. ನಾನು ಕಣ್ಣು ಮುಚ್ಚಿದಾಗ ಕಂಡದ್ದು ಆ ಪೆಟ್ಟಿಗೆಯ ಚೀಟಿಯೋ, ನನ್ನ ಲಂಗದ ಗುರುತೋ? ಅಂದಿನಿಂದ ಎಷ್ಟು ಸಲ ಕಣ್ಣು ಮುಚ್ಚಿ ನೋಡಿದ್ದೇನೋ. ಒಮ್ಮೆ ರಟ್ಟಿನ ಮೇಲೆ ಮೂವತ್ತೊಂದು ಎಂದು ಅಚ್ಚೊತ್ತಿದಂತೆ ಕಾಣುತ್ತದೆ. ಇನ್ನೊಮ್ಮೆ ಮೂವತ್ತೆರಡು. ಒಮ್ಮೊಮ್ಮೆ ರಟ್ಟು ಬರಿದಾಗಿಯೇ ಇರುತ್ತದೆ.

ಮರುದಿನ ರೆಹೆಮಾ ಬಂದು ನನ್ನ ಪಕ್ಕದಲ್ಲಿ ಕುಳಿತಳು. ತಾನಾಗಿ ಪ್ರಶ್ನೆ ಕೇಳದವಳು ಕೇಳಿದಳು. "ಮಾಮಾ, ನಂದು ಯಾವ ಬಣ್ಣ ಇತ್ತು?" ಅವರ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ.

"ನೀಲಿ," ಎಂದೆ.

ಯಾಕೆ ನೀಲಿ? ಎದುರಿಗೆ ಆಕಾಶವಿತ್ತು, ಅಷ್ಟೇ. ಅವಳು ಎದ್ದುಹೋಗಿ ಇಪ್ಪತ್ತೇಳು ಕೌದಿಗಳನ್ನೂ ತಿರುವಿ ನೋಡಿದಳು. ನೀಲಿ ಹೆಚ್ಚಾಗಿದ್ದುದನ್ನು ಒಬ್ಬ ಸಣ್ಣ ಹುಡುಗಿಯ ಹತ್ತಿರ ಬದಲಿ ಮಾಡಿಕೊಂಡು, ಅದರ ಚೌಕಗಳನ್ನು ಬೆರಳಿನಿಂದ ಮುಟ್ಟುತ್ತ ಮಲಗುತ್ತಿದ್ದಳು. ನಾನು ಊರಿಗೆ ಹೊರಡುವವರೆಗೂ ಹಾಗೆಯೇ. ಕತ್ತರಿಸುವಾಗ ಉಳಿದ ಈ ಹಳದಿ ಚೂರು ನನ್ನ ಹೊಲಿಗೆ ಡಬ್ಬಿಯಲ್ಲಿ ಸೇರಿ ಗದಗಿಗೆ ಬಂತು. ಮರುವರ್ಷ ಅನಾಥಾಲಯ ಮುಚ್ಚಿತು. ಸಿಸ್ಟರ್ ತೀರಿಕೊಂಡರು. ರೆಹೆಮಾ ದೊಡ್ಡವಳಾಗಿ ಪಟ್ಟಣದಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದಾಳೆ. ಫೇಸ್‌ಬುಕ್ಕಿನಲ್ಲಿ ನನ್ನನ್ನು ಹುಡುಕಿ ತೆಗೆದಳು. ಈಗ ಕ್ರಿಸ್‌ಮಸ್ಸಿಗೆ ಅವಳು ವಾಟ್ಸಾಪಿನಲ್ಲಿ ಶುಭಾಶಯ ಕಳಿಸುತ್ತಾಳೆ, ದೀಪಾವಳಿಗೆ ನಾನು. ಅಜ್ಜಿ ತೀರಿಕೊಂಡರು, ನೀಮಾಗೆ ಮದುವೆಯಾಯಿತು, ಅಜ್ಜಿಯ ಹೊಲ ಅವಳಿಗೇ ಬಂತು ಎಂದು ಒಮ್ಮೆ ಬರೆದಿದ್ದಳು. ನಾನು ಒಂದು ಹೂವಿನ ಚಿತ್ರ ಕಳಿಸಿದೆ. ಇಂಥ ಮಾತಿಗೆ ಯಾವ ಹೂವೆಂದು ಹತ್ತು ನಿಮಿಷ ಹುಡುಕಿ.

ಇಷ್ಟನ್ನು ಹೇಳಿ ಮುಗಿಸಿದಾಗ ಫಕೀರವ್ವನ ಸೂಜಿ ನಿಂತಿತ್ತು.

"ಅಲ್ರಿ ಅಕ್ಕಾರ, ನಿಮ್ಮನ್ನ ಕೇಳಿದ್ರು, ನೀವು ಹೇಳಿದ್ರಿ. ಆ ಮುದುಕಿಗೆ ಕಣ್ಣಿದ್ದಿಲ್ಲೇನು? ತನ್ನ ಮಗಳ ಮಗಳು ಯಾಕಿ ಅಂತ ಆಕಿಗೆ ಹೊಳೀಲಿಲ್ಲೇನು? ಸುಮ್ನ ಕುಂತಿದ್ಲಾ?"

ಇದನ್ನು ಈ ಹದಿನೈದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಮ್ಮವರು ಕೂಡ. ಕೇಳದಂತೆ ನಾನೇ ಕಥೆಯನ್ನು ಹೇಳುತ್ತಿದ್ದೆ, ಈಗ ನಿಮಗೆ ಹೇಳಿದಂತೆಯೇ.

"ಸುಮ್ನ ಕುಂತಿರ್ಲಿಲ್ಲ," ಎಂದೆ. "ನಾನು ಹೇಳೂಕಿಂತ ಮೊದಲಽ ಒಬ್ಬಾಕಿ ಕೈ ಹಿಡಕೊಂಡಿದ್ಲು. ಅಂಗೈ ತಿರುವಿ, ಬೆರಳು ಬಿಡಿಸಿ ನೋಡ್ತಿದ್ಲು."

"ಯಾರ ಕೈ?"

"ರೆಹೆಮಾಂದು."

ಫಕೀರವ್ವ ಸೂಜಿಯನ್ನು ಅರಿವೆಗೆ ಚುಚ್ಚಿಟ್ಟಳು.

"ನಾ ಮೂವತ್ತೊಂದು ಅಂದೆ. ಸಿಸ್ಟರ್ ನೀಮಾನ್ನ ಮುಂದ ಮಾಡಿದ್ರು. ಮುದುಕಿ ನನ್ನ ಮಾರಿ ನೋಡಿದ್ಲು. ಓದು ಬರಹ ಬರತೈತಿ ಇಕಿಗೆ, ಇಕಿಗೆ ಗೊತ್ತಿರತೈತಿ ಅಂದಂಗ ನೋಡಿದ್ಲು. ಆಮ್ಯಾಲೆ ಆ ಕೈ ಬಿಟ್ಟು ಈ ಕೈ ಹಿಡದ್ಲು."

"ಅಂದ್ರ ಆಕಿ ಹಿಡಿದಿದ್ದ ಕೈ ನೀವು ಬಿಡಿಸಿದ್ರಿ," ಎಂದಳು ಫಕೀರವ್ವ. ಬೈಗುಳವಲ್ಲ, ಬಟ್ಟೆ ಅಳೆದು ಇಷ್ಟು ಮೊಳ ಎನ್ನುವ ದನಿ.

"ನೀಮಾನಽ ಆಕಿ ಮೊಮ್ಮಗಳು ಇರಬಹುದಲ್ಲ ಫಕೀರವ್ವಾ? ನನಗ ಖರೇನಽ ನೆನಪಿತ್ತೇನೋ?"

"ಇರಬಹುದ್ರಿ. ಅದೂ ಇರಬಹುದು, ಇದೂ ಇರಬಹುದು. ಮುದುಕೇರೂ ತಪ್ಪು ಮಾಡ್ತಾರ. ಆದ್ರ ನಿಮಗ ಗೊತ್ತಿಲ್ಲ ಅನ್ನೂದಂತೂ ಖರೆ ಐತಲ್ಲ? ಅಷ್ಟರ ಹೇಳ್ರಿ ಆ ಹುಡುಗಿಗೆ. ಪಾಪ, ಯಾರದೋ ನೀಲಿ ಹೊತ್ಗೊಂಡು ಕುಂತೈತಿ."

"ಈಗ ಹೇಳಿ ಏನ್ ಬಂತು? ಆಕಿ ಹೊಟ್ಯಾಗ ಕಿಚ್ಚು ಇಟ್ಟಂಗ ಆಗತೈತಿ."

"ಇಲ್ಲಿತನಕ ಯಾರ ಹೊಟ್ಯಾಗಿತ್ತು ಅದು?" ಎಂದು ಫಕೀರವ್ವ ಕನ್ನಡಕ ಸರಿಮಾಡಿಕೊಂಡಳು. ಆಮೇಲೆ ಸ್ವಲ್ಪ ಕರುಣೆ ಬಂತೇನೋ, ಹಳದಿ ತುಂಡನ್ನು ತೊಡೆಯ ಮೇಲೆ ಹರವಿ ಕತ್ತರಿ ಎತ್ತಿಕೊಂಡಳು. "ಹಿಂಗ ಮಾಡೂನು. ಸರಿ ಎರಡು ಮಾಡಿ ಕೊಡ್ತೀನಿ. ಇಬ್ರಿಗೂ ಟಪಾಲಿಗೆ ಹಾಕ್ರಿ. ಯಾರದಿದ್ರೂ ಅವರಿಗೆ ಮುಟ್ಟತೈತಿ."

"ಬ್ಯಾಡ!" ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಅಡುಗೆಮನೆಯಿಂದ ನಮ್ಮವರು ಚಹಾದ ಕಪ್ಪು ಹಿಡಿದುಕೊಂಡೇ ಓಡಿಬಂದರು. "ಬ್ಯಾಡ ಫಕೀರವ್ವಾ. ಅದಕ್ಕ ಕತ್ತರಿ ಹಚ್ಚಬ್ಯಾಡ."

ಅವಳು ಕತ್ತರಿ ಕೆಳಗಿಟ್ಟಳು.

ಹಳದಿ ತುಂಡನ್ನು ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದೆ. ಅಂಚಿನ ಅಕ್ಷರಗಳು ಸ್ಪಷ್ಟವಾಗಿ ಬರಲಿ ಎಂದು ಎರಡನೇ ಸಲ ತೆಗೆದೆ. ಕೆಳಗೆ ಬರೆಯಲು ಕುಳಿತರೆ ಕಾನ್ವೆಂಟಿನ ಇಂಗ್ಲಿಷ್ ಕೈಕೊಟ್ಟಿತು; ಮುಕ್ಕಾಲು ಗಂಟೆ ಬರೆದದ್ದನ್ನು ಅಳಿಸಿದೆ, ಅಳಿಸಿದ್ದನ್ನು ಬರೆದೆ. ಕೊನೆಗೆ ಉಳಿದದ್ದು ಇಷ್ಟು: ಆ ದಿನ ನೀಲಿ ಎಂದದ್ದು ನಾನು ಕಟ್ಟಿ ಹೇಳಿದ್ದು, ರೆಹೆಮಾ. ಅಜ್ಜಿ ಬಂದ ದಿನ ನಂಬರ್ ಹೇಳಿದ್ದೂ ಖಚಿತವಾಗಿ ಅಲ್ಲ. ನಿನ್ನ ಬಟ್ಟೆ ಈ ಹಳದಿಯೂ ಇದ್ದಿರಬಹುದು, ಇಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ.

ಕೊನೆಯ ಸಾಲನ್ನು ಒತ್ತುವಾಗ ನಾನು ಎದ್ದು ನಿಂತಿದ್ದೆನಂತೆ. ಫಕೀರವ್ವ ಹೇಳಿದ್ದು.

ಮಗಳ ಕೂಸಿನ ಕೌದಿ ನಿನ್ನೆಗೆ ನಡುವಿನ ತನಕ ಬಂದಿದೆ. ಅವ್ವನ ಇಳಕಲ್ ಸೀರೆ, ನನ್ನ ಹಸಿರು ವಾಯಿಲ್, ನಮ್ಮವರ ಪಂಚೆ, ಎಲ್ಲವೂ ಯಾರದು ಯಾವುದೆಂದು ನನಗೆ ಗೊತ್ತಿರುವಂಥವು. ಹಿಂಬದಿಯ ಮೂಲೆಯಲ್ಲಿ ಒಂದೊಂದರ ಹೆಸರನ್ನೂ ದಾರದಲ್ಲಿ ಬರೆಯಿಸಿದ್ದೇನೆ. "ಕೌದಿ ಮ್ಯಾಲೆ ಹೆಸರು ಬರಸೂ ಮಂದಿನ್ನ ನಾ ಕಂಡಿಲ್ರಿ," ಎಂದು ಫಕೀರವ್ವ ಗೊಣಗುತ್ತಲೇ ನಾನು ಗೀಚಿಕೊಟ್ಟ ಅಕ್ಷರಗಳ ಮೇಲೆ ಸೂಜಿ ನಡೆಸಿದಳು. ಇನ್ನು ಉಳಿದಿರುವುದು ನಡುವಿನ ಬಾಯಿ ಮಾತ್ರ.

"ರೊಟ್ಟಿ ಚೂರು ತರ್ರಿ ಅಕ್ಕಾರ, ಮುಚ್ಚಿಬಿಡ್ತೀನಿ."

"ತಡಿ ಫಕೀರವ್ವಾ. ಇವತ್ತೊಂದು ದಿನ ತಡಿ."

ಮೊಬೈಲು ಕೌದಿಯ ಪಕ್ಕದಲ್ಲೇ ಇದೆ. ಹಳದಿಯ ಚಿತ್ರದ ಕೆಳಗಿನ ಎರಡು ಸಣ್ಣ ಗುರುತುಗಳು ಬೆಳಿಗ್ಗೆ ನೀಲಿಯಾದವು. ಅವಳು ಓದಿದ್ದಾಳೆ. ಉತ್ತರ ಬಂದಿಲ್ಲ. ಏನು ಬರಬಹುದೆಂದು ನನ್ನನ್ನು ಕೇಳಬೇಡಿ. ಕೇಳಿದರೂ ಈಗ ನಾನು ಕೊಡುವ ಉತ್ತರ ನಿಮಗೆ ಗೊತ್ತೇ ಇದೆ.